ಅರಿಶಿಣ ಹಚ್ಚದ ಅರಳೆ

ನಾನು ಚಿಕ್ಕವಳಿದ್ದಾಗ ನನ್ನ ಬಲಗೈಯ ಮೂರು ಬೆರಳುಗಳು ಯಾವಾಗಲೂ ಹಳದಿಯಾಗಿರುತ್ತಿದ್ದವು. ಬೂದಿ ಹಾಕಿ ತಿಕ್ಕಿದರೂ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ. ದಿನವೂ ಸಂಜೆ ಅಕ್ಕನಿಗಾಗಿ ಮಾಡುತ್ತಿದ್ದ ಒಂದು ಕೆಲಸದ ಗುರುತು ಅದು. ಅದರಲ್ಲಿ ತಪ್ಪು ಮಾಡುವುದಕ್ಕೆ ಮೊದಲು, ಸರಿಯಾಗಿ ಮಾಡಿದ ಕೊನೆಯ ಸಂಜೆ ಇನ್ನೂ ನೆನಪಿದೆ. ಅಂಗಳದಲ್ಲಿ ಅವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಒಲೆಯ ಮೇಲೆ ಜೋಳದ ನುಚ್ಚು ಕುದಿಯುತ್ತಿತ್ತು. ಅಕ್ಕ ಕೆಲಸದಿಂದ ಬಂದು, ಕೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನು ಕೊಡವಿ, ನನ್ನ ಪಕ್ಕದಲ್ಲಿ ಕಾಲು ಚಾಚಿ ಕುಳಿತಳು. ಅವ್ವ ಮೆಲ್ಲಗೆ ಏನೋ ಹೇಳಿದಳು, ಅಕ್ಕ ಕೇಳಿಸಿಕೊಂಡು ನಕ್ಕಳು. ಅಷ್ಟೇ. ವಿಶೇಷವೇನೂ ಇರಲಿಲ್ಲ.

ನನ್ನ ಅಕ್ಕ ಎಂದರೆ, ಮಕ್ಕಳೇ, ನಿಮಗೆ ಮಾನ್ವಿ ಊರಿನ ಅಜ್ಜಿ. ಅವಳು ತೀರಿಕೊಂಡು ಎರಡು ತಿಂಗಳಾಯಿತು. ಅವಳು ತೀರ ಜೋರಾಗಿ ಮಾತನಾಡುತ್ತಾಳೆಂದು ನೀವು ಅಣಕಿಸಿ ನಗುತ್ತಿದ್ದಿರಿ. ಅವಳೂ ನಿಮ್ಮ ಜೊತೆ ನಗುತ್ತಿದ್ದಳು. ಅಜ್ಜಿಗೆ ಯಾಕೆ ಕಿವಿ ಕೇಳುವುದಿಲ್ಲ ಎಂದು ನೀವು ಕೇಳಿದಾಗಲೆಲ್ಲ, ವಯಸ್ಸಾಯಿತಲ್ಲ ಎಂದು ನಾನು ಹೇಳಿಬಿಡುತ್ತಿದ್ದೆ. ಅದು ನಿಜವಲ್ಲ. ಅವಳ ಕಿವಿ ಕೆಟ್ಟದ್ದು ಹದಿನಾರನೆಯ ವಯಸ್ಸಿನಲ್ಲಿ. ಅದರಲ್ಲಿ ನನ್ನ ಪಾಲಿದೆ.

ಆಗ ನಾವು ರಾಯಚೂರಿನಲ್ಲಿ, ರೈಲು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದೆವು. ನನಗೆ ಒಂಬತ್ತು ವರ್ಷ. ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಅಕ್ಕ ಹತ್ತಿ ಜಿನ್ನಿಗೆ ಹೋಗುತ್ತಿದ್ದಳು. ಜಿನ್ನು ಎಂದರೆ ಹತ್ತಿಯಿಂದ ಕಾಳು ಬೇರೆ ಮಾಡಿ ಅರಳೆ ತೆಗೆಯುವ ಕಾರ್ಖಾನೆ. ಸುಗ್ಗಿ ಬಂತೆಂದರೆ ದೇವದುರ್ಗ, ಗಬ್ಬೂರು, ಕಲ್ಮಲದ ಕಡೆಯಿಂದ ಹತ್ತಿ ತುಂಬಿದ ಬಂಡಿಗಳು ಸಾಲುಗಟ್ಟಿ ಬರುತ್ತಿದ್ದವು. ರಸ್ತೆಯ ಬದಿಯ ಜಾಲಿಮುಳ್ಳುಗಳಿಗೆ ಹತ್ತಿ ಸಿಕ್ಕಿಕೊಂಡು, ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟಂತೆ ಕಾಣುತ್ತಿದ್ದವು. ಬೆಳಿಗ್ಗೆ ಜಿನ್ನಿನ ಭೋಂಗಾ ಕೂಗಿದರೆ ಓಣಿಯ ಹೆಂಗಸರೆಲ್ಲ ಬುತ್ತಿ ಹಿಡಿದು ಹೊರಡುತ್ತಿದ್ದರು.

ಒಂದು ಸಲ ಅಕ್ಕ ಮರೆತುಹೋದ ಬುತ್ತಿ ಕೊಡಲು ನಾನು ಒಳಗೆ ಹೋಗಿದ್ದೆ. ಮರದ ಅಟ್ಟದ ಮೇಲೆ ಯಂತ್ರಗಳ ಸಾಲು. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು ನಿಂತು, ಹತ್ತಿಯನ್ನು ಹಿಡಿಹಿಡಿಯಾಗಿ ಅದರ ಬಾಯಿಗೆ ಉಣಿಸುತ್ತಿದ್ದಳು. ಆ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತಿತ್ತು. ಅಟ್ಟ ನಡುಗಿ, ಮೊಣಕಾಲು ನಡುಗಿ, ಕೊನೆಗೆ ಹಲ್ಲು ಕೂಡ ಅದುರುತ್ತಿದ್ದವು. ಗಾಳಿಯ ತುಂಬ ಬಿಳಿ ಧೂಳು, ಬಿಸಿ ಎಣ್ಣೆಯ ವಾಸನೆ. ಅಲ್ಲಿ ಬಾಯಿಂದ ಆಡಿದ ಮಾತು ಯಾರಿಗೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಹೆಂಗಸರು ಕೈಯಲ್ಲೇ ಮಾತಾಡುತ್ತಿದ್ದರು. ಹೆಬ್ಬೆರಳು ತುಟಿಗೆ ಇಟ್ಟರೆ ನೀರು, ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬಂದ ಎಂದು ಅರ್ಥ. ಒಂದು ನಿಮಿಷ ನಿಂತು ಹೊರಗೆ ಬಂದರೂ ನನ್ನ ತಲೆಯೊಳಗೆ ಯಾರೋ ಕಂಚಿನ ತಾಟು ಬಾರಿಸಿ ಬಿಟ್ಟಂತೆ ಆಗಿತ್ತು.

ಅಂಥ ಸದ್ದಿನಲ್ಲಿ ಇಡೀ ದಿನ ನಿಲ್ಲುವವರು ಕಿವಿ ಉಳಿಸಿಕೊಳ್ಳುವುದು ಹೇಗೆ? ಓಣಿಯಲ್ಲಿ ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ಮುದುಕಿಯೊಬ್ಬಳಿದ್ದಳು, ಜಿನ್ನಿನಲ್ಲಿ ಎಲ್ಲರಿಗಿಂತ ಹಳೆಯ ಆಳು. ಅವಳ ಒಂದು ಕಿವಿ ಆಗಲೇ ಹೋಗಿತ್ತು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಅವಳೇ ಕಲಿಸುತ್ತಿದ್ದಳು. ಹಳೆಯ ದಿಂಬಿನ ಅರಳೆ ತಗೊಂಡು, ಔಡಲ ಎಣ್ಣೆ, ಅಂದರೆ ಹರಳೆಣ್ಣೆ ಹಾಕಿ, ಹಿಟ್ಟು ನಾದಿದಂತೆ ನಾದಬೇಕು. ಎರಡು ಸಣ್ಣ ಉಂಡೆ ಮಾಡಿ ಕಿವಿಯ ಬಾಯಿಗೆ ಮೆತ್ತಗೆ ಒತ್ತಬೇಕು. ಒಣ ಅರಳೆ ಇಟ್ಟರೆ ನಡೆಯುವುದಿಲ್ಲವೇ ಎಂದು ನಾನು ಕೇಳಿದ್ದೆ.

"ಒಣಾ ಅರಳಿ ಇಟ್ಟರ ಬಾಗಿಲಿಗೆ ಹಲಗಿ ಹಚ್ಚೋ ಬದ್ಲಿ ಪರದೆ ಕಟ್ಟಿದಂಗ ನೋಡವ್ವಾ," ಎಂದಿದ್ದಳು ಆಯಿ. "ಸದ್ದು ನಡಕೋತ ಒಳಗ ಬರ್ತದ."

ಈಗಿನ ಡಾಕ್ಟರರು ಕಿವಿಗೆ ಎಣ್ಣೆ ಸೋಕಿಸಬೇಡಿ ಎನ್ನುತ್ತಾರೆ. ನೀವು ಅವರ ಮಾತನ್ನೇ ಕೇಳಬೇಕು. ನಮಗೆ ಆಗ ಗೊತ್ತಿದ್ದದ್ದು ಅಷ್ಟೇ.

ಆದರೆ ಅರಳೆ ತೆಗೆಯುವ ಕಡೆ ಅರಳೆ ಒಯ್ಯುವುದು ಸುಲಭವಲ್ಲ. ಅದು ಎರಡನೆಯ ಮಹಾಯುದ್ಧದ ಕಾಲ, ಬಟ್ಟೆಗೆ ಎಲ್ಲ ಕಡೆ ಅಭಾವ. ಒಂದು ಚಿಟಿಕೆ ಅರಳೆಯೂ ಹೊರಗೆ ಹೋಗಬಾರದೆಂದು ಸಂಜೆ ಗೇಟಿನಲ್ಲಿ ಹೆಂಗಸರ ತುರುಬು, ಸೆರಗು, ಬುತ್ತಿ ಗಂಟು ಎಲ್ಲವನ್ನೂ ತಪಾಸು ಮಾಡುತ್ತಿದ್ದರು. ಅದಕ್ಕೆ ಆಯಿ ಮತ್ತು ಮೇಸ್ತ್ರಿ ನಡುವೆ ಒಂದು ಒಪ್ಪಂದವಾಗಿತ್ತು. ಕಿವಿಗೆ ಇಡುವ ಅರಳೆಗೆ ಮನೆಯಲ್ಲೇ ಅರಿಶಿಣ ಹಚ್ಚಿ ತರಬೇಕು. ಹಳದಿ ಒಳಗೆ ಬರಬಹುದು, ಹಳದಿ ಹೊರಗೆ ಹೋಗಬಹುದು. ಬಿಳಿ ಕಂಡರೆ ಅದು ಜಿನ್ನಿನದು, ಕಳ್ಳತನದ್ದು. ಸಂಜೆ ಸಾಲಾಗಿ ಹೊರಗೆ ಬರುವ ಹೆಂಗಸರ ಕಿವಿಗಳಲ್ಲಿ ಹಳದಿ ಉಂಡೆ ನೋಡಿ ಬಂಡಿಯವರು, ಇವರಿಗೆಲ್ಲ ಒಂದೇ ದಿನ ಮದುವೆ ಇದೆಯೇನು ಎಂದು ತಮಾಷೆ ಮಾಡುತ್ತಿದ್ದರು.

ಅಕ್ಕನ ಉಂಡೆಗಳನ್ನು ಮಾಡುವ ಕೆಲಸ ನನ್ನದು. ದಿನವಿಡೀ ನಿಂತು ದಣಿದ ಅವಳ ಕೈಗೆ ಅಷ್ಟು ವಿಶ್ರಾಂತಿ ಸಿಗಲಿ ಎಂದು ಅವ್ವ ಅದನ್ನು ನನಗೆ ವಹಿಸಿದ್ದಳು. ನಾನು ಎಣ್ಣೆ, ಅರಿಶಿಣ ಹಾಕಿ ನಾದಿ, ಎರಡು ಉಂಡೆ ಮಾಡಿ ಸಣ್ಣ ತಗಡಿನ ಡಬ್ಬಿಯಲ್ಲಿ ಇಟ್ಟರೆ, ಬೆಳಿಗ್ಗೆ ಅಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ತೆರೆದು ನೋಡುತ್ತಿರಲಿಲ್ಲ. ನನ್ನ ಕೆಲಸದ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಇನ್ನೊಂದು ಮಾತು ಹೇಳಬೇಕು. ನಮ್ಮ ಓಣಿಯಿಂದ ಶಾಲೆಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅಕ್ಕ ದುಡಿಯುತ್ತಿದ್ದದ್ದರಿಂದ ನನ್ನನ್ನು ಕೆಲಸಕ್ಕೆ ಹಚ್ಚಿರಲಿಲ್ಲ. ಆಗ ನಮ್ಮ ಕಡೆ ಸರಕಾರದ ಭಾಷೆ ಉರ್ದು, ಶಾಲೆಯಲ್ಲೂ ಅದನ್ನೇ ಕಲಿಸುತ್ತಿದ್ದರು. ಟೀಚರನ್ನು ನಾವು ಉಸ್ತಾನಿ ಎನ್ನುತ್ತಿದ್ದೆವು. ನಾನು ಓದಲು ಎದ್ದು ನಿಂತಾಗ ಪುಸ್ತಕದ ಮೇಲೆ ನನ್ನ ಹಳದಿ ಬೆರಳು ಎಲ್ಲರಿಗೂ ಕಾಣುತ್ತಿತ್ತು. ಮುಂದಿನ ಸಾಲಿನ ಹುಡುಗಿ ಒಂದು ದಿನ ತಿರುಗಿ, "ಏನ ಬೇ, ದಿನಾ ಅರಿಶಿಣ ಹಚ್ಕೊಂಡು ಬರ್ತಿ, ಮದುವಿ ಯಾವಾಗ?" ಎಂದಳು. ಇಡೀ ತರಗತಿ ನಕ್ಕಿತು. ಬಂಡಿಯವರು ಇದೇ ಮಾತು ಹೇಳಿದರೆ ಜಿನ್ನಿನ ಹೆಂಗಸರು ತಿರುಗಿ ಉತ್ತರ ಕೊಟ್ಟು ನಗುತ್ತಿದ್ದರು. ನನಗೆ ನಗಲು ಆಗಲಿಲ್ಲ. ಕೈಯನ್ನು ಲಂಗದಲ್ಲಿ ಮುಚ್ಚಿಕೊಂಡೆ.

ಮೊದಲು ಹೇಳಿದ ಆ ಸಂಜೆಯ ಮರುದಿನ, ನಾಳೆ ದೊಡ್ಡ ಸಾಹೇಬರು ಶಾಲೆ ನೋಡಲು ಬರುತ್ತಾರೆ ಎಂದು ಉಸ್ತಾನಿ ಹೇಳಿದರು. ಪಾಠ ಓದಲು ನನ್ನನ್ನೇ ಆರಿಸಿದರು. ಉಗುರು ಕತ್ತರಿಸಿ, ಕೈ ಸ್ವಚ್ಛ ಮಾಡಿಕೊಂಡು ಬಾ ಎಂದರು. ಮನೆಗೆ ಬರುವಾಗ ದಾರಿಯ ಜಾಲಿಮುಳ್ಳಿನಿಂದ ಒಂದು ಹಿಡಿ ಹತ್ತಿ ಬಿಡಿಸಿಕೊಂಡೆ. ನೀರಿನ ಬಾನಿಯ ಪಕ್ಕ ಕುಳಿತು, ಹುಣಸೆಹುಳಿ ಮತ್ತು ಬೂದಿ ಹಾಕಿ ಬೆರಳು ಉರಿಯುವಷ್ಟು ತಿಕ್ಕಿದೆ. ಹಳದಿ ಹೋಯಿತು. ಮತ್ತೆ ಅರಿಶಿಣ ಮುಟ್ಟಲು ಮನಸ್ಸಾಗಲಿಲ್ಲ. ಮುಳ್ಳಿನಿಂದ ತಂದ ಹತ್ತಿಯ ಕಾಳು ತೆಗೆದು, ಎಣ್ಣೆಯನ್ನೂ ಹಾಕದೆ, ಬೆಳ್ಳನೆಯ ಎರಡು ಉಂಡೆ ಮಾಡಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಒಂದು ದಿನ ತಾನೆ ಎಂದುಕೊಂಡೆ. ಬಿಳಿ ಅರಳೆ ಒಯ್ಯಬಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಮಕ್ಕಳೇ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮರುದಿನ ನಾನು ಚೆನ್ನಾಗಿ ಓದಿದೆ. ಸಾಹೇಬರು ಶಾಬಾಶ್ ಎಂದರು. ಓಣಿಯವರಿಗೆಲ್ಲ ಅದನ್ನು ಹೇಳುತ್ತ ಸಂಜೆಯವರೆಗೆ ತಿರುಗಿದೆ.

ಭೋಂಗಾ ಕೂಗಿ ಬಹಳ ಹೊತ್ತಾದರೂ ಅಕ್ಕ ಬರಲಿಲ್ಲ. ಹೊತ್ತು ಇನ್ನೂ ಮುಳುಗಿರಲಿಲ್ಲ. ಅಪ್ಪ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ಆಯಿ ಏದುಸಿರು ಬಿಡುತ್ತ ಬಂದಳು. ಅಕ್ಕನ ಕಿವಿಯಲ್ಲಿ ಬಿಳಿ ಅರಳೆ ಸಿಕ್ಕಿದೆ, ಗೇಟಿನಲ್ಲಿ ನಿಲ್ಲಿಸಿದ್ದಾರೆ, ದಿನಾ ಉಂಡೆ ಮಾಡಿಕೊಡುವ ಸಣ್ಣವಳನ್ನೂ ಕರೆದುಕೊಂಡು ಬಾ ಎಂದು ಮೇಸ್ತ್ರಿ ಹೇಳಿದ್ದಾನೆ ಎಂದಳು. ಅಪ್ಪ ನನ್ನ ಕೈ ಹಿಡಿದು ಬೇಗ ಬೇಗ ನಡೆದ. ನಾನು ಅರ್ಧ ಓಡುತ್ತಿದ್ದೆ. ದಾರಿಯುದ್ದಕ್ಕೂ ಅಪ್ಪನಿಗೆ ಹೇಳಿಬಿಡಬೇಕು ಎಂದುಕೊಂಡೆ. ಹೇಳಲಿಲ್ಲ.

ಗೇಟಿನ ಹತ್ತಿರ ಹೆಂಗಸರೆಲ್ಲ ಗುಂಪಾಗಿ ನಿಂತಿದ್ದರು. ನಡುವೆ ಅಕ್ಕ, ತಲೆ ಬಗ್ಗಿಸಿಕೊಂಡು. ಮೇಸ್ತ್ರಿಯ ಅಂಗೈಯಲ್ಲಿ ನಾನು ಮಾಡಿದ ಎರಡು ಉಂಡೆಗಳಿದ್ದವು. ಬೆಳಿಗ್ಗೆ ಅಟ್ಟ ಏರಿ ಡಬ್ಬಿ ತೆರೆದಾಗ ಅಕ್ಕನಿಗೆ ಬಿಳಿ ಕಂಡಿರಬೇಕು. ಯಂತ್ರ ಆಗಲೇ ಶುರುವಾಗಿತ್ತು. ಇಲ್ಲದ್ದಕ್ಕಿಂತ ಇದಾದರೂ ಇರಲಿ ಎಂದು ಇಟ್ಟುಕೊಂಡಿರಬೇಕು. ಇದು ನನ್ನ ಊಹೆ. ಅವಳು ಎಂದೂ ಹೇಳಲಿಲ್ಲ, ನಾನು ಎಂದೂ ಕೇಳಲಿಲ್ಲ.

"ಇವತ್ತು ಕಿವಿಯಾಗ ಒಯ್ತಾರ, ನಾಳೆ ತುರುಬಿನಾಗ ಒಯ್ತಾರ," ಎಂದ ಮೇಸ್ತ್ರಿ. "ನಾ ಮಾಲಕರಿಗೆ ಏನಂತ ಹೇಳ್ಲಿ? ಕೇಳು ನಿನ್ನ ಮಗಳನ್ನ."

ಅಪ್ಪ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕುಳಿತ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಹೇಳವ್ವಾ, ಅಂಜಬ್ಯಾಡ. ನೀನ ಮಾಡಿ ಕೊಟ್ಟಿದ್ದಲ್ಲ? ಅರಿಶಿಣ ಹಚ್ಚಿದ್ದೋ ಇಲ್ಲೋ?"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂಬತ್ತು ವರ್ಷದ ಹುಡುಗಿಯ ಮರೆವು ಎಂದು ಮೇಸ್ತ್ರಿ ಬೈದು ಬಿಟ್ಟುಬಿಡುತ್ತಿದ್ದ. ಅಪ್ಪ ಒಂದು ಪೆಟ್ಟು ಕೊಡುತ್ತಿದ್ದ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆ ತಾನೆ ಶಾಬಾಶ್ ಎನಿಸಿಕೊಂಡು ಬಂದಿದ್ದೆ.

"ಹಚ್ಚಿದ್ದೆನಪ್ಪಾ," ಎಂದೆ. "ದಿನಾ ಹಚ್ಚಿದಂಗ ಹಚ್ಚಿದ್ದೆ."

ಅಕ್ಕ ತಲೆ ಎತ್ತಿದಳು. ನನ್ನ ಮುಖ ನೋಡಿದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು.

"ಆಕಿ ಹಚ್ಚೇ ಕೊಟ್ಟಿದ್ಲರೀ. ಅವು ಕೈ ಜಾರಿ ಬಿದ್ದು ಧೂಳಾದ್ವು. ನಾನ ಜಿನ್ನಿನಾಗಿಂದು ಒಂದೀಟು ತಗೊಂಡು ಇಟ್ಕೊಂಡೆ. ತಪ್ಪು ನಂದು. ಆಕೀನ್ನ ಏನೂ ಕೇಳಬ್ಯಾಡ್ರಿ."

ಸುಗ್ಗಿಯ ಭರ, ಆಳುಗಳು ಬೇಕಾಗಿದ್ದರು. ಅದಕ್ಕೆ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಮೇಸ್ತ್ರಿ ಬೇರೆ ಶಿಕ್ಷೆ ಕೊಟ್ಟ. ನಾಳೆಯಿಂದ ಯಾರೂ ಕಿವಿಯಲ್ಲಿ ಏನೂ ಇಡುವಂತಿಲ್ಲ, ಹಳದಿಯೂ ಇಲ್ಲ, ಬಿಳಿಯೂ ಇಲ್ಲ ಎಂದ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಅಕ್ಕನ ಹತ್ತಿರ ಬಂದು, "ನಿನ್ನ ಒಂದು ಚಿಟಿಕಿ ಅರಳಿಗೆ ನಮ್ಮೆಲ್ಲಾರ ಕಿವಿ ಹೋದ್ವು ನೋಡು," ಎಂದಳು. ಕೂಗಲಿಲ್ಲ, ಹಾಗೇ ಹೇಳಿ ಹೋದಳು. ಆಯಿ ಅಕ್ಕನ ಕಡೆ ನೋಡದೆ ನಡೆದುಬಿಟ್ಟಳು.

ಹಿಂದಿರುಗುವಾಗ ಅಪ್ಪ ಮುಂದೆ, ನಾವಿಬ್ಬರು ಹಿಂದೆ. ಅಕ್ಕ ನನ್ನ ಬಲಗೈಯನ್ನು ಎತ್ತಿ ನೋಡಿದಳು. ತಿಕ್ಕಿ ತಿಕ್ಕಿ ಕೆಂಪಾದ, ಒಂದು ಚೂರೂ ಹಳದಿಯಿಲ್ಲದ ಬೆರಳುಗಳು. ಅವುಗಳನ್ನು ತನ್ನ ಮುಷ್ಟಿಯೊಳಗೆ ಮುಚ್ಚಿಕೊಂಡಳು. ಅಪ್ಪನಿಗೆ ಕಾಣದಂತೆ ಮನೆಯವರೆಗೂ ಹಾಗೇ ಹಿಡಿದುಕೊಂಡು ಬಂದಳು. ಅವಳ ಕೈ ಬಿಸಿಯಾಗಿತ್ತು. ನನಗೆ ಬಿಡಿಸಿಕೊಂಡು ಓಡಬೇಕು ಅನ್ನಿಸಿತು.

ಆ ಸುಗ್ಗಿ ಇನ್ನೂ ಎರಡೂವರೆ ತಿಂಗಳು ನಡೆಯಿತು. ಹೆಂಗಸರು ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ನೋಡಿದರು, ಏನೂ ಉಪಯೋಗವಾಗಲಿಲ್ಲ. ಯಾರೂ ಅಕ್ಕನ ಜೊತೆ ಹೋಗುತ್ತಿರಲಿಲ್ಲ. ಅವಳು ಒಬ್ಬಳೇ ಮುಂಚೆ ಹೊರಡುತ್ತಿದ್ದಳು. ಸಂಜೆ ಬಂದ ಮೇಲೆ ಬಹಳ ಹೊತ್ತು ಅವಳಿಗೆ ನಮ್ಮ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆ ಎನ್ನುತ್ತಿದ್ದಳು. ಮೊದಮೊದಲು ಸರಿಹೋಗುತ್ತಲೂ ಇತ್ತು.

ಒಂದು ರಜೆಯ ದಿನ, ನಡುಮಧ್ಯಾಹ್ನ. ಓಣಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಅಕ್ಕ ಗೋಡೆಗೆ ಒರಗಿ ಕುಳಿತಿದ್ದವಳು, "ಗ್ವಾಡ್ಯಾಗ ಜೀರುಂಡಿ ಹೊಕ್ಕದ ನೋಡ, ಒಂದ ಸಮನ ಒದರಾಕತ್ತದ," ಎಂದಳು. ನಾನು ಮಣ್ಣಿನ ಗೋಡೆಗೆ ಕಿವಿ ಹಚ್ಚಿ ಕೇಳಿದೆ. ಏನೂ ಇಲ್ಲ. ಅವಳು ತೋರಿಸಿದ ಬಿರುಕಿಗೆಲ್ಲ ಕಡ್ಡಿ ಹಾಕಿ ನೋಡಿದೆ, ನೀರು ಹಾಕಿ ನೋಡಿದೆ. ಹುಳ ಹೊರಗೆ ಬರಲಿಲ್ಲ. ಅಕ್ಕ ಎದ್ದು ಇನ್ನೊಂದು ಗೋಡೆಯ ಹತ್ತಿರ ಹೋದಳು, ಅಂಗಳಕ್ಕೆ ಹೋದಳು, ಬೀದಿಗೆ ಹೋಗಿ ನಿಂತಳು. ಎಲ್ಲಿ ಹೋದರೂ ಅದು ಅವಳ ಜೊತೆಗೇ ಬಂತು. ತಿರುಗಿ ಬಂದಾಗ ಅವಳ ಮುಖ ಬಿಳಿಚಿತ್ತು. ಎರಡು ಕೈಯಿಂದ ಎರಡು ಕಿವಿ ಮುಚ್ಚಿಕೊಂಡಳು. ಕೈ ತೆಗೆದು, "ಮುಚ್ಚಿಕೊಂಡ್ರ ಇನ್ನೂ ಜಾಸ್ತಿ ಕೇಳ್ತದ," ಎಂದಳು.

ಅಪ್ಪ ಅವಳನ್ನು ಊರಿನ ಒಬ್ಬ ಹಕೀಮರ ಹತ್ತಿರ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಅವರು ಕಿವಿ ನೋಡಿದರು, ಎಲ್ಲಿ ಕೆಲಸ ಎಂದು ಕೇಳಿದರು. ಔಷಧ ಕೊಡುತ್ತಾರೆ ಎಂದು ಕಾದೆವು. "ಇದಕ್ಕ ದವಾ ಇಲ್ಲಪಾ," ಎಂದರು. "ಸದ್ದಿನ ಪೆಟ್ಟು ಒಳಗ ಬಿದ್ದದ. ಇನ್ನ ಉಳಿದಿದ್ದರ ಉಳಿಸಿಕೊಳ್ರಿ. ಗದ್ದಲದಿಂದ ದೂರ ಇಡ್ರಿ." ದೂರ ಇಡಲು ನಮಗೆ ಆಗಲಿಲ್ಲ. ಅವಳು ಸುಗ್ಗಿ ಮುಗಿಯುವವರೆಗೂ ಹೋದಳು. ನಾನು ಶಾಲೆಗೆ ಹೋದೆ.

ಮುಂದಿನ ವರ್ಷ ಹೊಸ ಮೇಸ್ತ್ರಿ ಬಂದ. ಹೆಂಗಸರು ಕೇಳಿಕೊಂಡದ್ದಕ್ಕೆ ಹಳದಿ ಅರಳೆಗೆ ಮತ್ತೆ ಒಪ್ಪಿಗೆ ಸಿಕ್ಕಿತು. ನಾನು ಮತ್ತೆ ದಿನವೂ ನಾದಿದೆ, ಮೊದಲಿಗಿಂತ ಹೆಚ್ಚು ಎಣ್ಣೆ, ಹೆಚ್ಚು ಅರಿಶಿಣ ಹಾಕಿ. ಆದರೆ ಒಳಗೆ ಸೇರಿದ ಸದ್ದು ಹೊರಗೆ ಹೋಗಲಿಲ್ಲ. ಎರಡು ವರ್ಷದ ಮೇಲೆ ಅಕ್ಕನನ್ನು ಮಾನ್ವಿಗೆ ಮದುವೆ ಮಾಡಿ ಕೊಟ್ಟರು. ಜಿನ್ನು ಬಿಟ್ಟಳು. ಜೀಂ ಎನ್ನುವ ಸದ್ದು ಅವಳ ಜೊತೆ ಮಾನ್ವಿಗೂ ಹೋಯಿತು. ನಾನು ಓದಿ ಟೀಚರಾದೆ. ಅವಳು ತನ್ನ ಮಕ್ಕಳ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುವುದನ್ನು ಕಲಿತಳು.

ಅವಳು ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಅದೇ ನನಗೆ ಕಷ್ಟವಾಗಿತ್ತು. ಹೋದ ವರ್ಷ ಮಾನ್ವಿಗೆ ಹೋದಾಗ ಹೇಳಿಯೇ ಬಿಡಬೇಕು ಎಂದು ನಿರ್ಧರಿಸಿಕೊಂಡೇ ಹೋದೆ. ಅವಳು ಅಂಗಳದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಸುತ್ತ ಸೊಸೆಯಂದಿರು, ಮೊಮ್ಮಕ್ಕಳು, ನೆರೆಮನೆಯವರು ಇಬ್ಬರು. ಅಷ್ಟು ಹೊತ್ತಿಗೆ ಅವಳಿಗೆ ಕೂಗಿ ಹೇಳಿದರೆ ಮಾತ್ರ ಕೇಳುತ್ತಿತ್ತು. ನಾನು ಹತ್ತಿರ ಸರಿದು, ಕಿವಿಯ ಬಳಿ ಬಾಯಿ ಇಟ್ಟು, ಅವತ್ತು ಅರಿಶಿಣ ಹಚ್ಚಿರಲಿಲ್ಲ ಅಕ್ಕಾ, ನಾನು ಸುಳ್ಳು ಹೇಳಿದೆ ಎಂದು ಮೆಲ್ಲಗೆ ಹೇಳಿದೆ. ಅವಳು ಅಕ್ಕಿ ಬಿಟ್ಟು ನನ್ನ ಕಡೆ ತಿರುಗಿದಳು.

"ಏನಂದಿ?"

ಎಲ್ಲರೂ ನನ್ನ ಕಡೆ ನೋಡಿದರು. ಕೂಗಬೇಕಿತ್ತು. ಎಂಬತ್ತು ದಾಟಿದ ನನಗೆ ಆಗಲೂ ಜನರ ಮುಂದೆ ನಾಚಿಕೆಯಾಯಿತು.

"ಚಹಾ ಕುಡದೇನು ಅಂದೆ," ಎಂದು ಜೋರಾಗಿ ಹೇಳಿದೆ.

ಆತು, ಕುಡದೆ ಎಂದಳು ಅಕ್ಕ. ಮತ್ತೆ ಅಕ್ಕಿ ಆರಿಸತೊಡಗಿದಳು.

ಮೊನ್ನೆ ನೀವು ಮದುವೆಯ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಗಳ ಎದುರೇ ಕುಣಿದು ಬಂದು, ಕಿವಿ ಗುಂಯ್ ಎನ್ನುತ್ತಿದೆ ಎಂದು ನಗುತ್ತ ಹೇಳಿದಿರಿ. ನಾನು ನಗಲಿಲ್ಲ, ನಿಮಗೆ ಬೇಸರವಾಯಿತು. ಆ ಗುಂಯ್ ನಿಮ್ಮ ಕಿವಿಗೆ ಪೆಟ್ಟಾಗಿದೆ ಎಂಬುದರ ಗುರುತು. ಈ ಸಲ ಬೆಳಗಾಗುವಷ್ಟರಲ್ಲಿ ಹೋಯಿತು. ಪ್ರತಿ ಸಲವೂ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಪೆಟ್ಟಿಗೆಯಿಂದ ದೂರ ನಿಲ್ಲಿ. ಇಯರ್‌ಫೋನಿನ ಸದ್ದು ಕಡಿಮೆ ಇಡಿ, ನಡುನಡುವೆ ತೆಗೆದಿಟ್ಟು ಕಿವಿಗೆ ವಿಶ್ರಾಂತಿ ಕೊಡಿ. ಗದ್ದಲದ ಕಡೆ ಹೋಗುವಾಗ ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಬಿರಡೆ ನಿಮ್ಮ ಕಾಲದಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಯಾವ ಬಣ್ಣದ್ದನ್ನು ಇಟ್ಟರೂ ನಿಮ್ಮನ್ನು ಯಾರೂ ತಡೆದು ನಿಲ್ಲಿಸುವುದಿಲ್ಲ. ಕಿವಿ ಪರೀಕ್ಷೆಗೆ ಯಂತ್ರಗಳಿವೆ, ಡಾಕ್ಟರರಿದ್ದಾರೆ. ನಿಮ್ಮ ಕಿವಿ ಕಾಯಲು ಇಷ್ಟೆಲ್ಲ ಇದೆ. ನನ್ನ ಅಕ್ಕನ ಕಿವಿ ಕಾಯಲು ಇದ್ದವಳು ನಾನೊಬ್ಬಳೇ.

ನನ್ನ ತಪ್ಪು ಅಕ್ಕನಿಗೆ ಗೊತ್ತಿತ್ತು. ಆದರೆ ನನ್ನ ಬಾಯಿಂದ ಅವಳು ಅದನ್ನು ಕೇಳಲಿಲ್ಲ.